ಮಾಳಿಗಿ ಏರಬ್ಯಾಡ್ರಿ ಅಪ್ಪಾ

ಅಪ್ಪಾ, ಅವ್ವಾ,

ಇಬ್ಬರಿಗೂ ಶರಣು. ನಾವು ಇಲ್ಲಿ ಜರ್ಮನಿಯಾಗ ಆರಾಮ ಇದ್ದೀವಿ. ಗುಂಡ್ಯಾನ ಪತ್ರ ನಿನ್ನೆ ಬಂತು. ಕೇಬಲ್ ವೈರಿನ ಜಾಯಿಂಟ್ ನೋಡ್ಲಿಕ್ಕೆ ಅಪ್ಪಾ ಮಧ್ಯಾಹ್ನದ ಬಿಸಿಲಾಗ ನಿಚ್ಚಣಿಕಿ ಹಚ್ಚಿ ಮಾಳಿಗಿ ಏರಿದ್ರು, ಇಳಿಯೋವಾಗ ಚಕ್ಕರ್ ಬಂದು ಎರಡು ಮೆಟ್ಲ ಜಾರಿದ್ರು ಅಂತ ಬರದಾನ. ಶುಗರ್ ಗುಳಿಗಿ ನುಂಗಿ ಉಣ್ಣಲಾರದೆ ಬಿಸಿಲಾಗ ದಣದ್ರ ಶುಗರ್ ಒಮ್ಮೆಲೆ ಇಳೀತದ, ಕೈಕಾಲು ನಡಗ್ತಾವ. ಕಲಬುರಗಿ ಮೇ ತಿಂಗಳ ಬಿಸಿಲು ನಿಮಗ ನಾ ಹೇಳಬೇಕೇನ್ರಿ? ಆ ನಿಚ್ಚಣಿಕಿ ಇನ್ನ ಮುಟ್ಟಬ್ಯಾಡ್ರಿ. ಟಿವಿ ಸಲುವಾಗಿ ಯಾರೂ ಮಾಳಿಗಿ ಏರೋ ಪ್ರಸಂಗನೇ ಬರಬಾರದು, ಅದಕ್ಕ ಇಷ್ಟು ಉದ್ದ ಬರೀಲಕತ್ತೀನಿ.

ಜರ್ಮನಿಯಾಗ ಟಿವಿ ಇರ್ಲಿ ಬಿಡ್ಲಿ, ಮನಿಗೊಂದರಂಗ ತಿಂಗಳಿಗೆ 18.36 ಯೂರೋ ಶುಲ್ಕ ಕಟ್ಟಲೇಬೇಕು. ಅದರ ಮ್ಯಾಲ ಮನಿ ಮಾಲಕರು ಕೇಬಲ್ ಖರ್ಚನ್ನ ಬಾಡಿಗಿ ಜೊತಿ ಸೇರಿಸಿ ವಸೂಲಿ ಮಾಡಬಹುದಿತ್ತು, 2024ರ ಜುಲೈ 1ರಿಂದ ಅದು ಬಂದ್ ಆಗ್ಯದ. ನಮ್ಮಲ್ಲಿ 2019ರ ಟ್ರಾಯ್ (ಟೆಲಿಕಾಂ ನಿಯಂತ್ರಣ ಸಂಸ್ಥೆ) ನಿಯಮದಾಗ ಬರೇ ನೆಟ್‌ವರ್ಕ್ ಶುಲ್ಕನೇ 130 ರೂಪಾಯಿ ತನಕ ಇತ್ತು, ಜಿಎಸ್‌ಟಿ ಹಿಡಿದ್ರ 153 ರೂಪಾಯಿ 40 ಪೈಸೆ, ಪೇ ಚಾನೆಲ್ ರೊಕ್ಕ ಬ್ಯಾರೆ. ನೀವು ನೋಡೋದು ಸುದ್ದಿ, ವಚನ, ಜಾತ್ರಿ. ಇದರಾಗ ಅರ್ಧ ನಮ್ಮ ಮನ್ಯಾಗೇ ತಯಾರಾಗ್ತದ. ಅದನ್ನ ಫೋನಿನಾಗ ಹಿಡಿದು, ಡಿಸ್ಕಿನಾಗ ಇಟ್ಟು, ಸಣ್ಣ ಕಂಪ್ಯೂಟರ್ ಹಚ್ಚಿ ಟಿವಿಯಾಗ ನೋಡಬಹುದು, ಕೇಬಲ್ಲೇ ಬ್ಯಾಡ.

ಗುಂಡ್ಯಾ, ಇಲ್ಲಿಂದ ನಿನಗ. ರಾಸ್ಪ್‌ಬೆರಿ ಪೈ 4 ಅನ್ನೋ ಅಂಗೈಯಷ್ಟು ಕಂಪ್ಯೂಟರ್ ತಗೋ, 2 ಜಿಬಿದು ಸಾಕು. ಪೈ 5 ಬ್ಯಾಡ, ಎಚ್.264 ಅನ್ನೋ ಹಳೆ ನಮೂನಿ ವಿಡಿಯೋ ಬಿಚ್ಚೋ ಹಾರ್ಡ್‌ವೇರ್ ಅದರಾಗ ತೆಗದಾರ, ನಮಗ ಅದೇ ಬೇಕು. 32 ಜಿಬಿ ಎಸ್‌ಡಿ ಕಾರ್ಡು, ಮೈಕ್ರೋ ಎಚ್‌ಡಿಎಂಐ ಕೇಬಲ್ಲು, ಮೈಯೆಲ್ಲಾ ಅಲ್ಯುಮಿನಿಯಂ ಇರೋ ಕೇಸು. ಚಾರ್ಜರ್ ಮಾತ್ರ ಅದರದೇ ಇರಬೇಕು, 5.1 ವೋಲ್ಟ್ 3 ಆಂಪ್. ಸೂಪರ್ ಮಾರ್ಕೆಟ್‌ನಾಗಿನ ಮೊಬೈಲ್ ಚಾರ್ಜರ್ ಹಚ್ಚಿದ್ರ ವೋಲ್ಟೇಜ್ ಕುಸೀತದ, ಪರದೆ ಮೂಲ್ಯಾಗ ಹಳದಿ ಮಿಂಚಿನ ಗುರ್ತು ಬರ್ತದ, ಆಮ್ಯಾಲ ವಿಡಿಯೋ ತಡವರಿಸ್ತದ. ಆ ಗುರ್ತು ಕಂಡ್ರ ಸಾಫ್ಟ್‌ವೇರ್ ತಿದ್ದಲಿಕ್ಕೆ ಹೋಗಬ್ಯಾಡ, ಚಾರ್ಜರ್ ಬದಲಿಸು.

ಲ್ಯಾಪ್‌ಟಾಪ್‌ನಾಗ ಲಿಬ್ರೆಎಲೆಕ್ ಇಳಿಸಿ ಎಸ್‌ಡಿ ಕಾರ್ಡಿಗೆ ಬರಿ. ಅದು ಪೈ ನಡೆಸೋ ಸಿಸ್ಟಮ್, ಅದರಾಗ ವಿಡಿಯೋ ತೋರಿಸೋ ಕೋಡಿ ಸಜ್ಜಾಗಿ ಇರ್ತದ. ಲೈಟ್ ಹೋಗಿ ಬರೋ ನಮ್ಮ ಊರಿಗೆ ಇದೇ ಪಾಡು, ಯಾಕಂದ್ರ ಸಿಸ್ಟಮ್ ಭಾಗ ಓದಲಿಕ್ಕೆ ಮಾತ್ರ, ಅದರ ಮ್ಯಾಲ ಏನೂ ಬರಿಯಂಗಿಲ್ಲ, ಹಿಂಗಾಗಿ ಕೆಡೋದು ಕಡಿಮಿ. ಆದ್ರೂ ಇನ್ವರ್ಟರ್ ಲೈನಿನ ಪ್ಲಗ್ಗಿಗೇ ಹಚ್ಚು. ಟಿವಿ ಹಿಂದಿನ ಮುಚ್ಚಿದ ಶೋಕೇಸಿನಾಗ ಇಡಬ್ಯಾಡ. ಚಿಪ್ಪು 80 ಡಿಗ್ರಿ ಮುಟ್ಟಿದ ಕೂಡ್ಲೇ ತಾನೇ ವೇಗ ಇಳಸ್ತದ, ನಮ್ಮ ಬ್ಯಾಸಿಗ್ಯಾಗ ಗಾಳಿ ಆಡದಿದ್ರ ಅಲ್ಲಿಗೆ ಮುಟ್ಟಲಿಕ್ಕೆ ಭಾಳ ಹೊತ್ತು ಬೇಕಾಗಂಗಿಲ್ಲ.

ಹಳೆ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಯುಎಸ್‌ಬಿ ಡಬ್ಬಿಯೊಳಗ ಹಾಕಿ ನೀಲಿ ಕಿಂಡಿಗೆ ಚುಚ್ಚು. ನಾಕೂ ಕಿಂಡಿ ಸೇರಿ 1.2 ಆಂಪ್ ಅಷ್ಟೇ ಸಿಗೋದು, ಹಂಗಾಗಿ ಒಂದೇ ಡಿಸ್ಕು, ಎರಡನೇದು ಹಚ್ಚಬ್ಯಾಡ. ಅದನ್ನ ಎಕ್ಸ್‌ಟಿ4 ಅನ್ನೋ ಫಾರ್ಮ್ಯಾಟಿಗೆ ತರು, ಲೈಟ್ ಹೋದ್ರೂ ತಡೀತದ. ಫಾರ್ಮ್ಯಾಟ್ ಮಾಡೋಕಿಂತ ಮೊದಲು ಅಕ್ಕನ ಮದವಿ ಫೋಟೋ ಎಲ್ಲಾ ಬ್ಯಾರೆ ಕಡೆ ತೆಗದಿಡು, ಇದು ಮರೀಬ್ಯಾಡ.

ಅಪ್ಪಾಗ ಹೊಸ ರಿಮೋಟ್ ಬ್ಯಾಡೇ ಬ್ಯಾಡ. ಟಿವಿ ಸೆಟ್ಟಿಂಗ್‌ನಾಗ ಸಿಇಸಿ ಚಾಲೂ ಮಾಡಿದ್ರ ಟಿವಿ ರಿಮೋಟಿನಿಂದಲೇ ಕೋಡಿ ನಡೀತದ. ಸ್ಯಾಮ್‌ಸಂಗ್‌ನಾಗ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಾಗ ಸಿಂಪ್‌ಲಿಂಕ್, ಸೋನಿಯಾಗ ಬ್ರಾವಿಯಾ ಸಿಂಕ್. ನಡೀಲಿಲ್ಲಂದ್ರ ಪೈ ಮ್ಯಾಲಿನ ಎರಡು ಎಚ್‌ಡಿಎಂಐ ಕಿಂಡಿಯಾಗ ಚಾರ್ಜರ್ ಬಾಜೂದಕ್ಕೆ ಹಚ್ಚಿ ನೋಡು. ಅವ್ವಗ ಓದೋ ತ್ರಾಸ ಬ್ಯಾಡ: ಒಂದೊಂದು ಫೋಲ್ಡರಿನಾಗೂ ‘ಫೋಲ್ಡರ್’ ಅಂತ ಇಂಗ್ಲಿಷ್ ಹೆಸರಿನ ಜೆಪಿಜಿ ಫೋಟೋ ಹಾಕು, ಚಿಕ್ಕವ್ವನ ಮುಖ ಕಂಡ್ರ ಅದು ಭಜನಿ, ತೇರು ಕಂಡ್ರ ಶರಣಬಸಪ್ಪನ ಜಾತ್ರಿ.

ಇನ್ನ ವಿಡಿಯೋ. ಚಿಕ್ಕವ್ವ ಹಾಡೋವಾಗ ಫೋನ್ ಅಡ್ಡ ಹಿಡಿ, ಫ್ಲೈಟ್ ಮೋಡ್ ಹಾಕು, ಫ್ಯಾನ್ ಆರಿಸು, ಫೋನ್ ಎರಡು ಮೂರು ಫೂಟಿನೊಳಗ ಇರ್ಲಿ. ಚಿತ್ರ ಮಸುಕಾದ್ರ ಜನ ತಡಕೋತಾರ, ಮಾತು ಕೇಳಲಿಲ್ಲಂದ್ರ ಎದ್ದು ಹೋಗ್ತಾರ. 1080ಪಿ, ಸೆಕೆಂಡಿಗೆ 30 ಚೌಕಟ್ಟು ಸಾಕು. ಆಮ್ಯಾಲ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್‌ನಾಗ ‘ಫಾಸ್ಟ್ 1080ಪಿ30’ ಆರಿಸಿ ಸಣ್ಣದು ಮಾಡು. ವಾಟ್ಸಾಪ್‌ನಾಗ ವಿಡಿಯೋ ಅಂತ ಕಳಿಸಿದ್ರ ಹಿಂಡಿ ಹಾಳು ಮಾಡ್ತದ, ಡಾಕ್ಯುಮೆಂಟ್ ಅಂತ ಕಳಿಸಿದ್ರ 2 ಜಿಬಿ ತನಕ ಹೆಂಗಿದ್ದದ್ದು ಹಂಗೇ ಬರ್ತದ. ದಿನಾ ಬಳಸಲಿಕ್ಕೆ ಸಿಂಕ್‌ಥಿಂಗ್ ಹಾಕು, ಫೋನಿನ ಫೋಲ್ಡರ್ ತಾನೇ ಮನಿ ಡಿಸ್ಕಿಗೆ ಬರ್ತದ, ನಡುವ ಯಾರ ಕ್ಲೌಡೂ ಇಲ್ಲ. ಒಂದೇ ಅಪಾಯ ಅದ: ಜಾಗ ಇಲ್ಲಂತ ಫೋನಿನಾಗ ಅಳಿಸಿದ್ರ ಡಿಸ್ಕಿನಾಗೂ ಅಳೀತದ. ಡಿಸ್ಕಿನ ಕಡೆ ಫೈಲ್ ವರ್ಷನಿಂಗ್‌ನಾಗ ‘ಟ್ರ್ಯಾಶ್ ಕ್ಯಾನ್’ ಚಾಲೂ ಇಟ್ರ ಅಳಿಸಿದ್ದು ಒಂದು ಕಡೆ ಉಳೀತದ. ಮೊದಲ ದಿನನೇ ಮಾಡು.

ಅವ್ವಾ, ಈ ಸಾಫ್ಟ್‌ವೇರ್ ಎಲ್ಲಾ ಪುಕ್ಕಟಿ ಅಂದ್ಮ್ಯಾಲ ನಾಳೆ ಯಾರರೆ ರೊಕ್ಕ ಕೇಳ್ಲಿಕ್ಕೆ ಬಂದ್ರ ಹ್ಯಾಂಗ ಅಂತ ಕೇಳಿದ್ದಿ. ಬರಂಗಿಲ್ಲವ್ವಾ. ನಿನ್ನ ಫೋನಿನಾಗ ಕಿತ್ತಳಿ ಬಣ್ಣದ ಶಂಕುವಿನ ಗುರ್ತಿಂದು ವಿಎಲ್‌ಸಿ ಅದ ನೋಡು, ಅದು 1996ರಾಗ ಪ್ಯಾರಿಸ್ ಬಾಜೂದ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ತಮ್ಮ ಕ್ಯಾಂಪಸ್ ನೆಟ್‌ವರ್ಕ್ ಮ್ಯಾಲ ಟಿವಿ ನೋಡ್ಲಿಕ್ಕೆ ಶುರು ಮಾಡಿದ್ದು. 2001ರಾಗ ಜಿಪಿಎಲ್ ಅನ್ನೋ ಮುಕ್ತ ಪರವಾನಿಗಿ ಹಚ್ಚಿ ಊರಿಗೆಲ್ಲಾ ಬಿಟ್ಟುಕೊಟ್ರು, ಇವತ್ತಿಗೂ ಪುಕ್ಕಟಿ. ಕೋಡಿನೂ ಎಕ್ಸ್‌ಬಾಕ್ಸ್ ಆಟದ ಡಬ್ಬಿ ಮ್ಯಾಲ ಹವ್ಯಾಸಕ್ಕ ಹುಟ್ಟಿದ್ದು, 2014ರಾಗ ಈ ಹೆಸರು ಬಂತು.

ಆದ್ರ ನಿನ್ನ ಸೀರಿಯಲ್ ಇದರಾಗ ಬರಂಗಿಲ್ಲ, ಖರೆ ಹೇಳ್ತೀನಿ. ಅವು ಆ ಚಾನೆಲ್ ಆ್ಯಪಿನಾಗೇ ನೋಡಬೇಕು. ಎಲ್ಲಾ ಪೇ ಚಾನೆಲ್ ಪುಕ್ಕಟಿ ತೋರಸ್ತೀನಿ ಅನ್ನೋ ಕೋಡಿ ಆಡ್-ಆನ್ ಯಾರರೆ ಕೊಟ್ರ ಹಾಕಬ್ಯಾಡ ಗುಂಡ್ಯಾ. ಅದು ಕಳವು, ಮತ್ತ ಅದರೊಳಗ ಏನು ಬಂದು ಕೂತದ ಅಂತ ಯಾರಿಗೆ ಗೊತ್ತು. ಒಂದು ತಿಂಗಳು ಎರಡೂ ಇರ್ಲಿ, ಸರಿ ಬಂದ್ಮ್ಯಾಲ ಕೇಬಲ್ ಬಿಡ್ಸು. ಬಿಡಿಸಿದ ದಿನ ಮಾಳಿಗಿ ಮ್ಯಾಲಿಂದ ಬರೋ ಆ ವೈರು ಟಿವಿಯಿಂದ ಕೀಳು, ಸಿಡಿಲು ಬಡದ್ರ ಅದರ ಗುಂಟನೇ ಒಳಗ ಬರ್ತದ. ಮ್ಯಾಲ ಉಳಿದ ವೈರು ಕೇಬಲ್ ಹುಡುಗನೇ ಬಂದು ತಗೊಂಡು ಹೋಗ್ಲಿ. ಅಪ್ಪಾ, ನೀವಲ್ಲ.

ಸಾಮಾನಿನ ರೊಕ್ಕ ನಾನೇ ಹಾಕ್ತೀನಿ, ಪಿಂಚಣಿ ಮುಟ್ಟಬ್ಯಾಡ್ರಿ. ಮೂರು ತಿಂಗಳ ಶುಗರ್ ಲೆಕ್ಕ ಹೇಳೋ ಎಚ್‌ಬಿಎ1ಸಿ ಪರೀಕ್ಷೆ ಈ ವಾರನೇ ಮಾಡಸ್ರಿ, ಚಕ್ಕರ್ ಬಂದಿದ್ದು ಡಾಕ್ಟರ ಮುಂದ ಹೇಳ್ರಿ, ಮುಚ್ಚಿಡಬ್ಯಾಡ್ರಿ. ಅಂಗ್ಯಾಗ ಸಕ್ರಿ ಪುಡಕಿ ಇಟ್ಕೊಳ್ರಿ. ನನ್ನ ಚಿಂತಿ ಬಿಡ್ರಿ, ಜ್ವಾಳದ ಹಿಟ್ಟು ಸಿಗ್ತದ, ರೊಟ್ಟಿ ಬಡೀತೀನಿ, ಥಂಡಿಗೆ ಸ್ವೆಟರ್ ಅದ, ನೆಗಡಿನೂ ಇಲ್ಲ, ಕೆಲಸನೂ ಛಲೋ ನಡದದ, ಏನೇನೂ ತ್ರಾಸಿಲ್ಲ.

ಅಂಚೆ ಡಬ್ಬಿ ತೆಗಿಯೋ ಹೊತ್ತಾತು. ಗುಂಡ್ಯಾ, ನಿಚ್ಚಣಿಕಿ ಕಾಕಾನ ಮನ್ಯಾಗ ಇಟ್ಟು ಬಾ.

ನಿಮ್ಮ ಮಗ