ಚಂದಾ ಕಟ್ಟಿದ ಮಾತ್ರಕ್ಕೆ ಸಂಶೋಧನೆ ಮುಕ್ತವಾಗದು

ಮಾನ್ಯ ಸಂಪಾದಕರೇ,

‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಬಂದ ಮೇಲೆ ಸಂಶೋಧನಾ ಲೇಖನಗಳೆಲ್ಲ ಎಲ್ಲರಿಗೂ ಪುಕ್ಕಟೆ ಎಂಬ ಮಾತು ಅಧ್ಯಾಪಕರ ಬಾಯಲ್ಲೂ ಕೇಳಿಬರುತ್ತಿದೆ. ಹಾಗಿಲ್ಲ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಈ ಯೋಜನೆಯ ವೆಚ್ಚ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳವರು ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳವರು ಓದಬಹುದು. ಒಳ್ಳೆಯದೇ. ಆದರೆ ನಿವೃತ್ತ ಮೇಷ್ಟರು, ಮಲ್ಲೇಶ್ವರದಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡ ವೈದ್ಯರು, ಊರಿನ ಶಾಸನಗಳ ಹಿಂದೆ ಬಿದ್ದ ಹವ್ಯಾಸಿಗಳು ಈ ಲೆಕ್ಕದಲ್ಲಿಲ್ಲ. ಮುಕ್ತ ಪ್ರವೇಶ ಎಂದರೆ ಲಾಗಿನ್ ಕೇಳದೆ ಯಾರು ಬೇಕಾದರೂ ಓದುವಂತಿರುವುದು. ಇದು ಅದಲ್ಲ.

ವ್ಯತ್ಯಾಸ ತಿಳಿಯಲು 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗನ್ನೇ ನೋಡಿ. ಇಲಿಯ ಚಿಗಟ ರೋಗ ಹರಡುವ ಬಗೆಯನ್ನು ಭಾರತದಲ್ಲೇ ಪರೀಕ್ಷಿಸಿ ಬರೆದ ವರದಿಗಳು 1906ರಿಂದ ‘ಜರ್ನಲ್ ಆಫ್ ಹೈಜೀನ್’ನಲ್ಲಿ ಅಚ್ಚಾದವು. ಅಮೆರಿಕದ ಪಬ್‌ಮೆಡ್ ಸೆಂಟ್ರಲ್ ಎಂಬ ವೈದ್ಯಕೀಯ ಲೇಖನಗಳ ಜಾಲಭಂಡಾರದಲ್ಲಿ ಅವು ಪುಟಪುಟವೂ ಉಚಿತ. 1957ರಲ್ಲಿ ಶುರುವಾದ ‘ಮೆಡಿಕಲ್ ಹಿಸ್ಟರಿ’ ಪತ್ರಿಕೆಯ ಹಳೆಯ ಸಂಚಿಕೆಗಳೂ ಅಲ್ಲೇ ಇವೆ. ಬ್ರಿಟಿಷ್ ಭಾರತದ ವೈದ್ಯಕೀಯ ವರದಿಗಳನ್ನು ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯ ಸ್ಕ್ಯಾನ್ ಮಾಡಿ ತೆರೆದಿಟ್ಟಿದೆ. ಅಂದರೆ ನೂರು ವರ್ಷದ ಹಿಂದಿನ ಪ್ರಯೋಗದ ವಿವರ ಬಸವನಗುಡಿಯ ಮನೆಯಲ್ಲಿ ಕೂತವರಿಗೂ ಸಿಗುತ್ತದೆ. ಅದೇ ಪ್ಲೇಗಿನ ಬಗ್ಗೆ ಈಚೆಗೆ ಇತಿಹಾಸಕಾರರು ಬರೆದ ಲೇಖನ ಎಷ್ಟೋ ಸಲ ಸಾರಾಂಶಕ್ಕೇ ನಿಂತು ದುಡ್ಡು ಕೇಳುತ್ತದೆ.

ಕಾರಣ ಸರಳ. ಜೀವವೈದ್ಯಕೀಯದಲ್ಲಿ ಹಣ ಕೊಡುವವರೇ ಷರತ್ತು ಹಾಕಿದರು. ಬ್ರಿಟನ್ನಿನ ದತ್ತಿಸಂಸ್ಥೆ ವೆಲ್‌ಕಮ್ ಟ್ರಸ್ಟ್ 2021ರಿಂದ, ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2025ರ ಜುಲೈನಿಂದ, ಪ್ರಕಟವಾದ ದಿನವೇ ಲೇಖನ ಮುಕ್ತವಾಗಿರಬೇಕು ಎನ್ನುತ್ತಿವೆ. ಇತಿಹಾಸದಲ್ಲಿ ಹೆಚ್ಚಿನ ಕೆಲಸ ದೊಡ್ಡ ಅನುದಾನವಿಲ್ಲದೆ ನಡೆಯುತ್ತದೆ, ಷರತ್ತು ಹಾಕುವವರು ಯಾರು? ‘ಲೇಖನ ಮುಕ್ತವಾಗಲು ಲೇಖಕರೇ ಶುಲ್ಕ ಕಟ್ಟಲಿ’ ಎಂಬ ವಿಜ್ಞಾನದ ದಾರಿಯೂ ಇಲ್ಲಿ ಸಾಗದು. ವಿಜ್ಞಾನ ಪತ್ರಿಕೆ ‘ನೇಚರ್’ 2020ರಲ್ಲಿ ಘೋಷಿಸಿದ ಶುಲ್ಕ ಒಂದು ಲೇಖನಕ್ಕೆ 9,500 ಯೂರೊ, ಆಗಿನ ದರದಲ್ಲೇ ಎಂಟು ಲಕ್ಷ ರೂಪಾಯಿಗೂ ಮೇಲೆ. ಅಷ್ಟರಲ್ಲಿ ಶಾಸನಗಳ ಒಂದು ಸಂಪುಟವನ್ನೇ ತರಬಹುದು.

ಶುಲ್ಕವಿಲ್ಲದ ದಾರಿಯೊಂದಿದೆ, ಬಳಸುವವರು ಕಡಿಮೆ. ವಿಮರ್ಶಕರು ಹೇಳಿದ ತಿದ್ದುಪಡಿಗಳೆಲ್ಲ ಮುಗಿದು ಜರ್ನಲ್ ಒಪ್ಪಿಕೊಂಡ ವರ್ಡ್ ಕಡತವನ್ನು ಲೇಖಕರ ಸಂಸ್ಥೆಯ ಅಂತರ್ಜಾಲ ಭಂಡಾರಕ್ಕೆ ಏರಿಸುವುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಭಂಡಾರ 2002ರಿಂದಲೇ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಅನುದಾನ ಪಡೆದವರು ಹೀಗೆ ಏರಿಸಬೇಕೆಂಬ ನೀತಿಯೂ 2014ರ ಡಿಸೆಂಬರ್‌ನಲ್ಲೇ ಬಂದಿದೆ. ಎಡವುವುದು ಎಲ್ಲಿ ಎಂದರೆ, ಪ್ರಕಾಶಕರ ಲಾಂಛನವಿರುವ ಅಚ್ಚಿನ ಪಿಡಿಎಫನ್ನೇ ತಂದು ಹಾಕುತ್ತಾರೆ, ನೋಟಿಸ್ ಬಂದಾಗ ತೆಗೆಯುತ್ತಾರೆ. ಬೇಕಾದದ್ದು ಅದಲ್ಲ, ಪುಟವಿನ್ಯಾಸಕ್ಕೆ ಹೋಗುವ ಮುಂಚಿನ ಪ್ರತಿ. ಅದು ಕಳೆದುಹೋಗಿದ್ದರೆ ಲೇಖನ ಕಳಿಸಿದ ಸಹಲೇಖಕರ ಇಮೇಲ್‌ನಲ್ಲೋ ಜರ್ನಲ್‌ನ ಸಲ್ಲಿಕೆ ಖಾತೆಯಲ್ಲೋ ಹುಡುಕಬೇಕು. ಅದನ್ನು ಎಲ್ಲರಿಗೂ ತೆರೆಯಲು ಎಷ್ಟು ತಿಂಗಳು ಕಾಯಬೇಕೆಂದು ಜರ್ನಲ್‌ನ ಸ್ವಸಂಗ್ರಹ (ಸೆಲ್ಫ್ ಆರ್ಕೈವಿಂಗ್) ನಿಯಮದಲ್ಲಿ ಬರೆದಿರುತ್ತದೆ. ಕಾಯುವ ಅವಧಿ ಇದ್ದರೂ ಕಡತವನ್ನು ಇವತ್ತೇ ಏರಿಸಿ, ತೆರೆಯುವ ದಿನಾಂಕ ಮಾತ್ರ ಮುಂದಕ್ಕೆ ಹಾಕಿ; ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಇತಿಹಾಸದವರಿಗೆ ಇನ್ನೊಂದು ಗಂಟು: ಪತ್ರಾಗಾರ ಕೊಟ್ಟ ಫೋಟೊಗಳ ಅನುಮತಿ ಮುದ್ರಣಕ್ಕೆ ಮಾತ್ರ ಇರಬಹುದು. ಅನುಮತಿ ಕೇಳುವಾಗಲೇ ‘ಅಂತರ್ಜಾಲಕ್ಕೂ’ ಎಂಬ ಒಂದು ಪದ ಸೇರಿಸಿದರೆ ಆಮೇಲಿನ ತಾಪತ್ರಯ ತಪ್ಪುತ್ತದೆ. ಇಲ್ಲವಾದರೆ ಚಿತ್ರದ ಜಾಗ ಖಾಲಿ ಬಿಟ್ಟು ಪಠ್ಯವನ್ನಷ್ಟೇ ಹಾಕಬಹುದು.

ಕನ್ನಡದ ಮಟ್ಟಿಗೆ ಇದಕ್ಕಿಂತ ದೊಡ್ಡ ಗೋಡೆ ನಾವೇ ಕಟ್ಟಿಕೊಂಡದ್ದು. ಪಿಎಚ್.ಡಿ. ಪ್ರಬಂಧಗಳ ‘ಶೋಧಗಂಗಾ’ದಲ್ಲಿ ಕನ್ನಡದ ಪ್ರಬಂಧವೊಂದನ್ನು ತೆರೆದು, ಕಂಟ್ರೋಲ್–ಎಫ್ ಒತ್ತಿ, ಕಣ್ಣೆದುರಿಗೇ ಇರುವ ‘ಹೊಯ್ಸಳ’ ಪದ ಹುಡುಕಿ ನೋಡಿ. ಎಷ್ಟೋ ಪ್ರಬಂಧಗಳಲ್ಲಿ ಸಿಗುವುದಿಲ್ಲ. ಅವು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದವು. ಪುಟದ ಮೇಲೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಚುಕ್ಕಿ ಕೊಂಬುಗಳ ರೋಮನ್ ಅಕ್ಷರ. ಒಂದು ಸಾಲು ನಕಲಿಸಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಬಣ್ಣ ಬಯಲಾಗುತ್ತದೆ. ಸ್ಕ್ಯಾನ್ ಮಾಡಿ ಹಾಕಿದವುಗಳಲ್ಲಿ ಅಷ್ಟೂ ಇಲ್ಲ, ಬರೀ ಚಿತ್ರ. ಹೆಸರಿಗೆ ಮುಕ್ತ, ಗೂಗಲ್‌ಗೆ ಮಾತ್ರ ಅದು ಇಲ್ಲವೇ ಇಲ್ಲ!

ಪರಿಹಾರ ಅರ್ಧ ದಿನದ ಕೆಲಸ. ಪಿಡಿಎಫ್ ಮಾಡುವ ಮೊದಲು ವರ್ಡ್ ಕಡತವನ್ನು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರ ಒಳಗೂ ಕನ್ನಡವಾಗಿಯೇ ಉಳಿಯುವ ಸಂಕೇತಕ್ಕೆ, ಪರಿವರ್ತಿಸಬೇಕು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಕಣ್ಣು ಮುಚ್ಚಿ ನಂಬುವಂತಿಲ್ಲ. ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡ ಎಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸುತ್ತದೆ. ಹಾಗಾಗಿ ಇಂಗ್ಲಿಷ್ ಅಡಿಟಿಪ್ಪಣಿ, ಗ್ರಂಥಋಣಗಳನ್ನು ಮೊದಲೇ ಬೇರೆ ಕಡತಕ್ಕೆ ತೆಗೆದಿಡಬೇಕು. ಅರ್ಕಾವತ್ತು, ಒತ್ತಕ್ಷರದ ಪದಗಳನ್ನು ಮೂಲದ ಜೊತೆ ಇಟ್ಟು ಓದಬೇಕು. ಶಾಸನಪಾಠಗಳಲ್ಲಂತೂ ಒಂದು ಒತ್ತು ಜಾರಿದರೆ ರಾಜನ ಹೆಸರೇ ಬದಲಾದೀತು.

ರಾಜ್ಯದ ವಿಶ್ವವಿದ್ಯಾಲಯಗಳು ಮೌಖಿಕ ಪರೀಕ್ಷೆಯ ದಿನ ಗೊತ್ತುಮಾಡುವ ಮೊದಲು ಅಭ್ಯರ್ಥಿಯಿಂದ ಯೂನಿಕೋಡ್ ಕಡತವನ್ನೂ ಪಡೆಯುವ ನಿಯಮ ತರಲಿ. ಹಳೆಯ ಪ್ರಬಂಧಗಳಲ್ಲಿ ಮೊದಲು ಜಿಲ್ಲಾ ಇತಿಹಾಸ ಮತ್ತು ಶಾಸನಗಳ ಮೇಲಿನವನ್ನು ಕೈಗೆತ್ತಿಕೊಳ್ಳಲಿ. ಅವುಗಳ ವರ್ಡ್ ಕಡತ ಬರೆದವರ ಹಳೆಯ ಕಂಪ್ಯೂಟರಿನಲ್ಲಿ ಇನ್ನೂ ಇದ್ದೀತು, ಕಂಪ್ಯೂಟರ್ ಗುಜರಿಗೆ ಹೋಗುವ ಮುಂಚೆ ಕೇಳಿದರೆ.

– ಇಬ್ಬರು ಗ್ರಂಥಪಾಲಕರು, ಬೆಂಗಳೂರು