ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ರೆಫರೆನ್ಸ್ ಬರೆಯುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಜರ್ನಲ್‌ಗೆ ಕಳಿಸಿದ ಲೇಖನ 'ರೆಫರೆನ್ಸ್‌ಗಳು ನಮ್ಮ ಶೈಲಿಯಲ್ಲಿಲ್ಲ' ಎಂಬ ಟಿಪ್ಪಣಿ ಹೊತ್ತು ವಾಪಸು ಬಂದಾಗ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಹೆಚ್ಚಾಗಿ ಮಾಡುವ ಕೆಲಸವೆಂದರೆ ಚುಕ್ಕೆ, ಅಲ್ಪವಿರಾಮಗಳನ್ನು ತಿದ್ದಿ, ಇಲ್ಲವೇ ಡಿಟಿಪಿ ಅಂಗಡಿಯಲ್ಲಿ ತಿದ್ದಿಸಿ, ಮತ್ತೆ ಕಳಿಸುವುದು. ರೆಫರೆನ್ಸ್ ಎಂದರೆ ಲೇಖನಕ್ಕೆ ಬಳಸಿದ ಆಕರಗಳ ವಿವರ; ಅದರ ಚಿಹ್ನೆಗಳು ಸರಿಹೋಗುತ್ತವೆ. ಹೆಸರು, ಸಂಪುಟ, ಪುಟಗಳಲ್ಲಿ ಸೇರಿಕೊಂಡ ತಪ್ಪು ಹಾಗೆಯೇ ಅಚ್ಚಾಗುತ್ತದೆ. ಅದನ್ನು ನೋಡಿ ಬರೆದುಕೊಂಡವರ ಲೇಖನಕ್ಕೂ ದಾಟುತ್ತದೆ.

ರಾಮನ್ ಪರಿಣಾಮದ ಬಗ್ಗೆ 1928ರಲ್ಲಿ ಬಂದ ಮೂರು ಬರಹಗಳನ್ನೇ ತೆಗೆದುಕೊಳ್ಳಿ. 'ಎ ನ್ಯೂ ರೇಡಿಯೇಶನ್' ಎಂಬುದು ಸಿ.ವಿ. ರಾಮನ್ ಆ ವರ್ಷದ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಮಾಡಿದ ಭಾಷಣ. ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನ 2ನೇ ಸಂಪುಟದಲ್ಲಿ 387ನೇ ಪುಟದಿಂದ ಶುರುವಾಗುತ್ತದೆ. 'ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್' ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಇಬ್ಬರ ಹೆಸರಿನಲ್ಲಿದೆ. ನೇಚರ್ ಪತ್ರಿಕೆಯ 121ನೇ ಸಂಪುಟ, ಪುಟ 501-502. 'ಎ ಚೇಂಜ್ ಆಫ್ ವೇವ್‌ಲೆಂತ್ ಇನ್ ಲೈಟ್ ಸ್ಕ್ಯಾಟರಿಂಗ್' ಮತ್ತೆ ರಾಮನ್ ಒಬ್ಬರದೇ. ನೇಚರ್‌ನ ಅದೇ ಸಂಪುಟ, 619ನೇ ಪುಟ. ಮೂಲ ತೆರೆದು ನೋಡದೆ ಇನ್ನೊಬ್ಬರ ಪಟ್ಟಿಯಿಂದ ಎತ್ತಿಕೊಂಡರೆ ಒಂದರ ಶೀರ್ಷಿಕೆಗೆ ಇನ್ನೊಂದರ ಪುಟ ಅಂಟಿಕೊಳ್ಳುವುದು ತೀರ ಸುಲಭ. ಲೇಖಕ-ವರ್ಷ ಶೈಲಿಯಲ್ಲಿ ರಾಮನ್ ಒಬ್ಬರೇ ಬರೆದ ಎರಡನ್ನು '1928ಎ', '1928ಬಿ' ಎಂದು ಬೇರ್ಪಡಿಸಲೇಬೇಕು. ಬರೀ 'ರಾಮನ್, 1928' ಎಂದರೆ ಓದುಗರು ಯಾವುದನ್ನು ಹುಡುಕಬೇಕು? ಕೃಷ್ಣನ್ ಜೊತೆಗಿನದಕ್ಕೆ ಎರಡು ಹೆಸರಿರುವುದರಿಂದ ಈ ಅಕ್ಷರ ಬೇಕಿಲ್ಲ.

ಈ ವಿವರ ಸರಿಯಿದ್ದರೆ ಶೈಲಿ ಬದಲಿಸುವುದು ಜೋಡಣೆಯ ಕೆಲಸ ಮಾತ್ರ. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ್ದ ವೈದ್ಯಕೀಯ ಜರ್ನಲ್ ಸಂಪಾದಕರಿಂದ ಹೆಸರು ಪಡೆದ ವ್ಯಾಂಕೂವರ್ ಶೈಲಿಯಲ್ಲಿ 'ರಾಮನ್ ಸಿವಿ, ಕೃಷ್ಣನ್ ಕೆಎಸ್' ಎಂದು ಚುಕ್ಕೆಯಿಲ್ಲದೆ ಹೆಸರು, ಶೀರ್ಷಿಕೆ, ಜರ್ನಲ್, ಕೊನೆಗೆ '1928;121:501-2' ಬರುತ್ತದೆ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್) ಶೈಲಿಯಲ್ಲಿ ವರ್ಷ ಲೇಖಕರ ಹೆಸರಿನ ಪಕ್ಕಕ್ಕೆ ಬರುತ್ತದೆ, ನೇಚರ್‌ನಲ್ಲಿ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ. ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್‌ನಲ್ಲಿ ಜರ್ನಲ್ ಹೆಸರಿನ ಬೆನ್ನಿಗೇ ವರ್ಷ, ಆಮೇಲೆ ಸಂಪುಟ. ಲೇಖಕರು ಹೆಚ್ಚಿದ್ದರೆ ವ್ಯಾಂಕೂವರ್ ಪದ್ಧತಿಯ ಬಹಳಷ್ಟು ಜರ್ನಲ್‌ಗಳು 6 ಹೆಸರು ಕೊಟ್ಟು ಮುಂದೆ 'ಎಟ್ ಆಲ್' (ಮತ್ತಿತರರು) ಎನ್ನುತ್ತವೆ. ಎಪಿಎಯ 7ನೇ ಆವೃತ್ತಿ 20 ಹೆಸರುಗಳವರೆಗೆ ಎಲ್ಲವನ್ನೂ ಕೇಳುತ್ತದೆ. ಜರ್ನಲ್‌ನ ಸೂಚನೆ ಅಸ್ಪಷ್ಟವಾಗಿದ್ದರೆ ಅದರ ಇತ್ತೀಚಿನ ಸಂಚಿಕೆಯ ಒಂದು ಲೇಖನವನ್ನು ಎದುರಿಗಿಟ್ಟುಕೊಳ್ಳುವುದೇ ಒಳ್ಳೆಯದು.

ನಮ್ಮವರಿಗೆ ಹೆಚ್ಚು ಪೆಟ್ಟು ಬೀಳುವುದು ಹೆಸರಿನಲ್ಲಿ. ಕರ್ನಾಟಕದಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಇನಿಶಿಯಲ್ ಇರುತ್ತದೆ. 'ಮಂಜುನಾಥ ಬಿ. ಎಸ್.' ಎಂದು ಬರೆದರೆ ಕೊನೆಯ ತುಂಡೇ ಕುಲನಾಮವೆಂದು ರೆಫರೆನ್ಸ್ ಜೋಡಿಸುವ ತಂತ್ರಾಂಶ ಭಾವಿಸುತ್ತದೆ. ಪಟ್ಟಿಯಲ್ಲಿ ಅವರು 'ಎಸ್ ಎಂಬಿ' ಆಗಿಬಿಡುತ್ತಾರೆ. ಹುಡುಕಿದಾಗ ಆ ಲೇಖನ ಅವರ ಹೆಸರಿನಡಿ ಸಿಗುವುದಿಲ್ಲ, ಸಂದ ಉಲ್ಲೇಖ ಅವರ ಲೆಕ್ಕಕ್ಕೆ ಬರುವುದಿಲ್ಲ. ಇದು ಸಣ್ಣ ನಷ್ಟವಲ್ಲ. ಇಂಥ ತಂತ್ರಾಂಶವಾದ ಜೊಟೆರೊದಲ್ಲಿ ಕುಲನಾಮದ ಖಾನೆಗೆ 'ಮಂಜುನಾಥ', ಮೊದಲ ಹೆಸರಿನ ಖಾನೆಗೆ 'ಬಿ. ಎಸ್.' ಎಂದು ಚುಕ್ಕೆ, ಖಾಲಿ ಜಾಗ ಬಿಟ್ಟು ತುಂಬಬೇಕು. ರೆಫರೆನ್ಸ್‌ಗಳನ್ನು ಪಠ್ಯ ಕಡತದಲ್ಲಿ ಬರೆದಿಡುವ ಬಿಬ್‌ಟೆಕ್ ಬಳಸುವವರು 'ಮಂಜುನಾಥ' ಆದಮೇಲೆ ಅಲ್ಪವಿರಾಮ ಹಾಕಿ ಇನಿಶಿಯಲ್ ಬರೆಯಬೇಕು. ಇಬ್ಬರು ಲೇಖಕರ ನಡುವೆ ಅಲ್ಪವಿರಾಮವಲ್ಲ, 'ಆ್ಯಂಡ್' ಇರಬೇಕು. ಸಂಸ್ಥೆಯೇ ಲೇಖಕನಾಗಿದ್ದರೆ ಒಂದೇ ಖಾನೆ. ತಪ್ಪಿದರೆ ವರ್ಲ್ಡ್ ಹೆಲ್ತ್ ಆರ್ಗನೈಸೇಶನ್ ಎಂಬುದು 'ಆರ್ಗನೈಸೇಶನ್ ಡಬ್ಲ್ಯುಎಚ್' ಎಂಬ ವ್ಯಕ್ತಿಯಾಗುತ್ತದೆ. ತಮ್ಮ ಹೆಸರನ್ನು ಪ್ರತಿ ಲೇಖನದಲ್ಲೂ ಒಂದೇ ರೀತಿ ಬರೆದು, ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ ಸಂಖ್ಯೆ ಪಡೆದುಕೊಂಡರೆ ಮುಂದೆ ಗೊಂದಲ ಕಡಿಮೆ.

ಜೊಟೆರೊ ಉಚಿತ. ಲೇಖನದ ಡಿಒಐ (ಲೇಖನಕ್ಕೆ ಅಂತರ್ಜಾಲದಲ್ಲಿ ಕೊಡುವ ಶಾಶ್ವತ ಗುರುತು) ಕೊಟ್ಟರೆ ವಿವರವನ್ನು ತಾನೇ ತುಂಬಿಕೊಳ್ಳುತ್ತದೆ. ಆದರೆ ಅಲ್ಲಿಗೆ ಬಿಡಬಾರದು. ಪಿಡಿಎಫ್‌ನ ಮೊದಲ ಪುಟದ ಪಕ್ಕದಲ್ಲಿಟ್ಟು ನೋಡಬೇಕು. ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿ ಬಂದಿರಬಹುದು, ಪುಟಸಂಖ್ಯೆಯೇ ಇಲ್ಲದಿರಬಹುದು. ಶೀರ್ಷಿಕೆಯನ್ನು ಮೊದಲ ಅಕ್ಷರ ಮತ್ತು ಅಂಕಿತನಾಮಗಳಷ್ಟೇ ದೊಡ್ಡದಿರುವಂತೆ ಇಟ್ಟುಕೊಳ್ಳಿ. ಬೇರೆ ಶೈಲಿಗೆ ಬೇಕಾದಾಗ ಎಲ್ಲ ಪದಗಳನ್ನೂ ದೊಡ್ಡಕ್ಷರ ಮಾಡಲು ತಂತ್ರಾಂಶಕ್ಕೆ ಬರುತ್ತದೆ, ಅದರ ತಿರುಗುಮುರುಗು ಸರಿಯಾಗಿ ಬರುವುದಿಲ್ಲ. ಕೃಷಿ, ಸಸ್ಯಶಾಸ್ತ್ರದವರಿಗೆ ಇನ್ನೊಂದು ಮಾತು: ರಾಗಿಯ 'ಎಲ್ಯುಸಿನ್ ಕೊರಕಾನ'ದಂಥ ಹೆಸರು ಓರೆ ಅಕ್ಷರದಲ್ಲಿ ಬರಬೇಕಾದರೆ ಶೀರ್ಷಿಕೆಯ ಖಾನೆಯಲ್ಲೇ ಅದಕ್ಕೆ 'ಐ' ಟ್ಯಾಗ್ (<i>…</i>) ಹಾಕಬೇಕು. ವರ್ಡ್‌ನಲ್ಲಿ ಬಂದ ಮೇಲೆ ಕೈಯಿಂದ ಓರೆ ಮಾಡಿದ್ದು ಪಟ್ಟಿ ಮತ್ತೆ ಹೊಸದಾದಾಗ ಅಳಿಸಿಹೋಗುತ್ತದೆ.

ವರ್ಡ್ ಕಡತದಲ್ಲಿ ಉಲ್ಲೇಖದ ಸಂಖ್ಯೆಯನ್ನು ಎಂದೂ ಕೈಯಿಂದ ಟೈಪ್ ಮಾಡಬೇಡಿ, ಜೊಟೆರೊ ಮೂಲಕವೇ ಸೇರಿಸಿ. ಗೈಡ್ ಒಂದು ಪ್ಯಾರಾವನ್ನು ಮೇಲಕ್ಕೆ ಸರಿಸಿದರೆ ಸಾಕು, 14 ಇದ್ದದ್ದು 9 ಆಗಬೇಕು. ಕೈಯಿಂದ ಟೈಪ್ ಮಾಡಿದ ಸಂಖ್ಯೆ ಕದಲುವುದಿಲ್ಲ. ಕೋಷ್ಟಕ, ಚಿತ್ರದ ಅಡಿಬರಹದಲ್ಲಿ ಮಾತ್ರ ಬರುವ ರೆಫರೆನ್ಸ್‌ಗಳಿಗೆ, ಆ ಕೋಷ್ಟಕ ಪಠ್ಯದಲ್ಲಿ ಮೊದಲು ಪ್ರಸ್ತಾಪವಾದ ಜಾಗವನ್ನು ನೋಡಿ ಸಂಖ್ಯೆ ಕೊಡಬೇಕು. ಇದನ್ನು ಅನುಭವಿಗಳೂ ಮರೆಯುತ್ತಾರೆ. ಕಳಿಸುವ ಮುನ್ನ ಒಂದು ಪ್ರತಿ ಉಳಿಸಿಕೊಂಡು, ಇನ್ನೊಂದರಲ್ಲಿ ಜೊಟೆರೊ ಜೊತೆಗಿನ ಕೊಂಡಿ ಕಳಚುವ 'ಅನ್‌ಲಿಂಕ್ ಸೈಟೇಶನ್ಸ್' ಒತ್ತಿ. ಒಂದೇ ಪ್ರತಿಯಲ್ಲಿ ಒತ್ತಿಬಿಟ್ಟರೆ ಪರಿಷ್ಕರಣೆಯ ವೇಳೆ ಎಲ್ಲವನ್ನೂ ಮೊದಲಿನಿಂದ ಸೇರಿಸಬೇಕಾಗುತ್ತದೆ.

ಎಲ್ಸೆವಿಯರ್ ಪ್ರಕಾಶನದ ಮಾದರಿ ಕಡತದಲ್ಲಿ, ಶೈಲಿ ತೋರಿಸಲೆಂದು, 'ದಿ ಆರ್ಟ್ ಆಫ್ ರೈಟಿಂಗ್ ಎ ಸೈಂಟಿಫಿಕ್ ಆರ್ಟಿಕಲ್' ಎಂಬ ಇಲ್ಲದ ಲೇಖನವೊಂದಿತ್ತು. ಅದನ್ನು ಅಳಿಸದೆ ಕಳಿಸಿದವರಿಂದಾಗಿ ಅದಕ್ಕೆ ಸುಮಾರು 400 ಉಲ್ಲೇಖಗಳು ಬಂದಿರುವುದು 2017ರಲ್ಲಿ ಬೆಳಕಿಗೆ ಬಂತು. ಈಗ ಎಐ ಚಾಟ್‌ಬಾಟ್‌ಗಳು ನಿಜವಾದ ಜರ್ನಲ್ ಹೆಸರು, ನಂಬುವಂಥ ಶೀರ್ಷಿಕೆ, 10ರಿಂದ ಶುರುವಾಗುವ ಡಿಒಐ ಸಮೇತ ಇಲ್ಲದ ಲೇಖನಗಳನ್ನು ಕಟ್ಟಿಕೊಡುತ್ತವೆ. ಪ್ರತಿಯೊಂದು ಡಿಒಐಯನ್ನೂ ಬ್ರೌಸರ್‌ನಲ್ಲಿ ತೆರೆದು, ಬಂದ ಪುಟದ ಶೀರ್ಷಿಕೆ ಪಟ್ಟಿಯದೇ ಹೌದೇ ಎಂದು ನೋಡದೆ ಬೇರೆ ದಾರಿಯಿಲ್ಲ. ಬೇರೆಯದೇ ಲೇಖನ ತೆರೆದುಕೊಳ್ಳುವುದೂ ಉಂಟು. ಪ್ರಕಟವಾದ ಮೇಲೆ ಜರ್ನಲ್ ಹಿಂಪಡೆದ (ರಿಟ್ರ್ಯಾಕ್ಟೆಡ್) ಲೇಖನ ನಿಮ್ಮ ಸಂಗ್ರಹದಲ್ಲಿದ್ದರೆ ಜೊಟೆರೊ ಎಚ್ಚರಿಸುತ್ತದೆ. ಆ ಸೂಚನೆಯನ್ನು ಕಡೆಗಣಿಸಬಾರದು.

ಯುಜಿಸಿ 2019ರಲ್ಲಿ ಪಿಎಚ್.ಡಿ. ಕೋರ್ಸ್‌ವರ್ಕ್‌ಗೆ ಕಡ್ಡಾಯ ಮಾಡಿದ ಸಂಶೋಧನೆ ಮತ್ತು ಪ್ರಕಟಣಾ ನೀತಿಯ 2 ಕ್ರೆಡಿಟ್ ವಿಷಯದಲ್ಲಿ ಉಲ್ಲೇಖಗಳನ್ನು ಎಣಿಸಿ ಜರ್ನಲ್‌ಗೆ ಕೊಡುವ ಇಂಪ್ಯಾಕ್ಟ್ ಫ್ಯಾಕ್ಟರ್, ಸಂಶೋಧಕರಿಗೆ ಕೊಡುವ ಎಚ್-ಇಂಡೆಕ್ಸ್‌ಗಳ ಪಾಠವಿದೆ. ಆ ಅಂಕಿಗಳು ಹುಟ್ಟುವುದೇ ಈ ಪಟ್ಟಿಗಳಿಂದ. ರಾಜ್ಯದ ವಿಶ್ವವಿದ್ಯಾಲಯಗಳು ಅದೇ ವಿಷಯದಡಿ ಒಂದು ಪ್ರಾಯೋಗಿಕ ತರಗತಿ ಇಡಲಿ: ವಿದ್ಯಾರ್ಥಿಗಳು ತಮ್ಮದೇ ಸಾರಲೇಖದ 10 ರೆಫರೆನ್ಸ್‌ಗಳನ್ನು ಮೂಲದೊಂದಿಗೆ ತಾಳೆ ನೋಡಿ, ಎರಡು ಬೇರೆ ಶೈಲಿಗಳಲ್ಲಿ ಸಿದ್ಧಪಡಿಸಿ, ಗ್ರಂಥಪಾಲಕರಿಗೆ ತೋರಿಸಿ ಸಹಿ ಪಡೆಯಲಿ. ಗ್ರಂಥಪಾಲಕರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಅವರಿಗೆ ವೇಳಾಪಟ್ಟಿಯಲ್ಲಿ ಒಂದು ಅವಧಿ ಕೊಡಬೇಕಷ್ಟೆ.

— ಸಂಶೋಧನಾ ಹಸ್ತಪ್ರತಿಗಳ ಸಂಪಾದನೆಯಲ್ಲಿ ತೊಡಗಿರುವವರು, ಮೈಸೂರು