ಮಗಳಿಗೊಂದು ಪತ್ರ: ಯೋನಾತಾನನ ನಿಲುವಂಗಿ

ಪ್ರೀತಿಯ ಮಗಳೇ,

ನಿನ್ನೆ ಗೆಳತಿಯ ಸುದ್ದಿ ಹೇಳುವಾಗ ನಿನ್ನ ದನಿ ಕುಗ್ಗಿದ್ದು ಫೋನಿನಲ್ಲೇ ಗೊತ್ತಾಯಿತು. ಇಬ್ಬರೂ ಒಟ್ಟಿಗೆ ಓದಿದಿರಿ, ಒಂದೇ ಸೀಟಿಗೆ ಆಸೆಪಟ್ಟಿರಿ. ಸಿಕ್ಕಿದ್ದು ಅವಳಿಗೆ. "ಇನ್ನೂ ಅವಳಿಗೆ ಒಂದು ಮಾತೂ ಹೇಳಿಲ್ಲ ಅಪ್ಪ, ಬಾಯೇ ಬರ್ತಿಲ್ಲ" ಅಂದೆ. ಮುಚ್ಚಿಡದೆ ಹೇಳಿದೆಯಲ್ಲ, ಅದಕ್ಕೆ ದೇವರಿಗೆ ಸ್ತೋತ್ರ.

ಬೈಬಲಿನ ದಾವೀದ ಯೋನಾತಾನರ ಸ್ನೇಹದ ಕಥೆ ನಿನಗೆ ಸಂಡೇ ಸ್ಕೂಲಿನಿಂದಲೇ ಬಾಯಿಪಾಠ. ಆದರೆ ಮಕ್ಕಳಿಗೆ ಹೇಳುವಾಗ ನಾವು ಯೋನಾತಾನ ಬಾಣ ಬಿಟ್ಟು ದಾವೀದನಿಗೆ ಅಪಾಯದ ಸುಳಿವು ಕೊಟ್ಟ ಪ್ರಸಂಗವನ್ನೇ ಹಿಗ್ಗಿಸಿ, ಮುಖ್ಯವಾದದ್ದನ್ನು ಬಿಟ್ಟುಬಿಡುತ್ತೇವೆ. ಯೋನಾತಾನ ಇಸ್ರಾಯೇಲಿನ ಅರಸ ಸೌಲನ ಮಗ. ಸಿಂಹಾಸನ ಅವನ ಪಾಲಿಗೆ ಬರಬೇಕಾಗಿದ್ದದ್ದು. ಆ ಕುರಿಕಾಯುವ ಹುಡುಗ ದಾವೀದ ಬದುಕಿರುವ ತನಕ ನಿನ್ನ ರಾಜ್ಯ ನಿಲ್ಲುವುದಿಲ್ಲ ಎಂದು ಅಪ್ಪನೇ ಕೂಗಾಡಿದ, ಸ್ವಂತ ಮಗನ ಮೇಲೆ ಈಟಿ ಎಸೆದ. ಲೆಕ್ಕ ಹಾಕಿದರೆ ಸೌಲನ ಮಾತು ಸರಿಯೇ ಇತ್ತು. ಅದಕ್ಕೂ ಮೊದಲೇ ಯೋನಾತಾನ ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟನ್ನು ಬಿಚ್ಚಿ ದಾವೀದನಿಗೆ ಕೊಟ್ಟಿದ್ದ; ಇಷ್ಟಾದ ಮೇಲೂ ಅವನ ಕೈ ಬಿಡಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೈಬಲಿನ ಒಂದನೆಯ ಸಮುವೇಲ ಪುಸ್ತಕದ 23ನೇ ಅಧ್ಯಾಯ. ಸೌಲ ದಿನವೂ ಹುಡುಕುತ್ತಿದ್ದಾನೆ, ದಾವೀದ ಜೀಫ್ ಅರಣ್ಯದಲ್ಲಿ ಅಡಗಿದ್ದಾನೆ. ಯೋನಾತಾನ ಅಲ್ಲಿಗೇ ಹೋಗಿ ಅವನನ್ನು ದೇವರಲ್ಲಿ ಬಲಪಡಿಸುತ್ತಾನೆ. ಹೆದರಬೇಡ, ನೀನೇ ಇಸ್ರಾಯೇಲಿನ ಅರಸನಾಗುವಿ, ನಾನು ನಿನಗೆ ಎರಡನೆಯವನಾಗಿರುವೆ ಎನ್ನುತ್ತಾನೆ. ಎರಡನೆಯವನು! ಆ ಮಾತನ್ನು ಹೇಳಲು ಅವನ ಎದೆ ಎಷ್ಟು ಹದವಾಗಿರಬೇಕು. ಆಮೇಲೆ ಅವರು ಮತ್ತೆ ಭೇಟಿಯಾದದ್ದು ಎಲ್ಲೂ ಬರೆದಿಲ್ಲ. ಯೋನಾತಾನ ಗಿಲ್ಬೋವ ಬೆಟ್ಟದಲ್ಲಿ ಸತ್ತ. ದಾವೀದನ ಪಕ್ಕದಲ್ಲಿ ಎರಡನೆಯವನಾಗಿ ಕೂರುವುದೂ ಅವನಿಗೆ ಸಿಗಲಿಲ್ಲ. ವರ್ಷಗಳ ನಂತರ ದಾವೀದ ಅವನ ಕುಂಟ ಮಗ ಮೆಫೀಬೋಶೆತನನ್ನು ಹುಡುಕಿಸಿ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಂಡ.

ಇದನ್ನು ಬರೆಯುವ ಯೋಗ್ಯತೆ ನನಗೆ ಪೂರ್ತಿ ಇಲ್ಲ ಮಗಳೇ. ನಿನ್ನ ವಯಸ್ಸಿಗಿಂತ ಸ್ವಲ್ಪ ದೊಡ್ಡವನಿದ್ದಾಗ ನಾನು ಕಾಯುತ್ತಿದ್ದ ಕೆಲಸ ನನ್ನ ಸ್ನೇಹಿತನಿಗೆ ಸಿಕ್ಕಿತು. ಕೈಕುಲುಕಿ ಬಂದೆ, ಆಮೇಲೆ ಅವನ ಮನೆಯ ಕಡೆ ಹೋಗುವುದನ್ನೇ ನಿಲ್ಲಿಸಿದೆ. ಜಗಳವಾಡಿರಲಿಲ್ಲವಾದ್ದರಿಂದ ಕ್ಷಮೆ ಕೇಳಲೂ ನೆಪ ಸಿಗಲಿಲ್ಲ. ಅವನಿಗಾಗಿ ಪ್ರಾರ್ಥಿಸಲು ಮೊಣಕಾಲೂರಿದ ದಿನವೇ ನನ್ನೊಳಗಿನ ಹೊಟ್ಟೆಕಿಚ್ಚು ನನಗೆ ಕಂಡದ್ದು. ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು.

ನಿನಗೆ ದುಃಖ ಆಗಬಾರದು ಅನ್ನುತ್ತಿಲ್ಲ. ಅಳು, ದೇವರ ಮುಂದೆ ಚೆನ್ನಾಗಿ ಅತ್ತುಬಿಡು. ಯೇಸು ಶಿಷ್ಯರನ್ನು "ಸ್ನೇಹಿತರು" ಎಂದು ಕರೆದದ್ದು ತಾನು ಹಿಡಿಯಲ್ಪಟ್ಟ ರಾತ್ರಿಯೇ. ಕೆಲವೇ ಗಂಟೆಗಳಲ್ಲಿ ಅವರು ನಿದ್ದೆ ಹೋಗುತ್ತಾರೆ, ಓಡಿಹೋಗುತ್ತಾರೆ, ಶಿಷ್ಯ ಪೇತ್ರ ಯೇಸುವನ್ನು ಅರಿಯೆನೆನ್ನುತ್ತಾನೆ. ಅದು ಗೊತ್ತಿದ್ದೂ ಕರ್ತನು ಆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಅಂಥವನ ಸ್ನೇಹದಲ್ಲಿರುವವಳು ನೀನು. ಮೂರು ದಿನ ತಡವಾಗಿ ಫೋನ್ ಮಾಡಿದರೂ ನಾಚಿಕೆ ಬೇಡ. ಬೇಜಾರಾಗಿತ್ತು, ಅದಕ್ಕೇ ತಡವಾಯಿತು ಅಂತ ಅವಳಿಗೆ ನೇರವಾಗಿ ಹೇಳು. ಹೊಸ ಜಾಗದಲ್ಲಿ ಅವಳಿಗೂ ಭಯವಿದ್ದೀತು.

ರಾತ್ರಿ ಪ್ರಾರ್ಥನೆಯಲ್ಲಿ ಅಮ್ಮನೂ ನಾನೂ ನಿಮ್ಮಿಬ್ಬರ ಹೆಸರನ್ನೂ ಹೇಳುತ್ತಿದ್ದೇವೆ.

ನಿನ್ನ ಅಪ್ಪ